ಭಾವನ ಹೊಟ್ಟೆಗೆ ಹೊಂದಿಕೊಂಡ ಆಂಟೆನಾ

ಇದು ನಡೆದದ್ದೇ. ಒಂದಕ್ಷರ ಸುಳ್ಳಾದರೂ ನನ್ನ ಸೋಲ್ಡರಿಂಗ್ ಐರನ್ ನನ್ನ ನಾಲಿಗೆಗೇ ತಗುಲಲಿ, ಅದೂ ಪೂರ್ತಿ ಕಾದಿರುವಾಗ.

ನಮ್ಮ ವರ್ಕ್‌ಶಾಪು ಅಕ್ಕನದು. ಗೋಡೌನಿನ ಬಾಗಿಲು ತೆರೆದರೆ ದೂರದ ಆಫೀಸಿನಲ್ಲಿ ಗಂಟೆ ಹೊಡೆಯುವಂಥ ಪೆಟ್ಟಿಗೆ ಮಾಡುತ್ತೇವೆ. ತಂತಿ ಇಲ್ಲ, ರೇಡಿಯೋದಲ್ಲೇ ಸುದ್ದಿ ಹೋಗುತ್ತದೆ. ಬೆಸುಗೆ ಹಾಕುವವನು ನಾನು, ಹನ್ನೊಂದು ವರ್ಷದಿಂದ, ಕಿಟಕಿ ಪಕ್ಕದ ಮೇಜಿನಲ್ಲಿ. ಯಾವುದಕ್ಕೆ ಯಾವುದು ಎಂದು ಹೇಳುವವನು ಅಕ್ಕನ ಗಂಡ, ಇಂಜಿನಿಯರು. ಎದುರಿಗೆ ‘ಅವರು’, ಬೆನ್ನ ಹಿಂದೆ ‘ಅವನು’. ಈಗ ಇಲ್ಲಿಲ್ಲವಲ್ಲ, ಅವನು ಎಂದೇ ಹೇಳುತ್ತೇನೆ. ಅವನ ಹೊಟ್ಟೆ ಮೊದಲು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಕಾದು ಕಾದು ಎರಡು ಸಲ ಆಕಳಿಸಿದ ಮೇಲೆ ಅವನು ಬಾಗಿಲಲ್ಲಿ ಕಾಣಿಸುವುದು. ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ನನ್ನನ್ನು ಅವನು ಕರೆಯುವುದೇ ‘ಏಳನೇ ಕ್ಲಾಸು’ ಎಂದು.

ನಲವತ್ತು ಬಾಗಿಲಿನ ಒಂದು ಗೋಡೌನಿಗೆಂದು ಮಾಡಿದ ಹೊಸ ಪೆಟ್ಟಿಗೆಯ ಆಂಟೆನಾ ಕಡ್ಡಿಯಲ್ಲ. ಹಸಿರು ಬೋರ್ಡಿನ ಅಂಚಿನಲ್ಲೇ ಹಾವಿನ ಹಾಗೆ ಮಡಿಸಿದ ತಾಮ್ರದ ಗೆರೆ. ಅದರ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಮೂರು ಸಾಮಾನು, ಎರಡು ಕೆಪಾಸಿಟರು, ಒಂದು ಕಾಯಿಲ್. ಅವು ಸರಿಯಾಗಿ ಹೊಂದಿದರೆ ಸುದ್ದಿ ಗಾಳಿಗೆ ಹಾರುತ್ತದೆ. ಹೊಂದದಿದ್ದರೆ ಮುಖ ಸಪ್ಪಗೆ ಮಾಡಿಕೊಂಡು, ಕಳಿಸಿದ ರೇಡಿಯೋ ಚಿಪ್ಪಿಗೇ ವಾಪಸು. ಅದನ್ನು ನೋಡಲೆಂದೇ ಒಂದು ಮೀಟರು. ಅದರ ಪರದೆಯಲ್ಲಿ ಒಂದು ಗೆರೆ, ಗೆರೆಯಲ್ಲೊಂದು ತಗ್ಗು; ಆ ತಗ್ಗು ಕೆಂಪು ಗುರುತಿನ ಮೇಲೆ ಕೂರಬೇಕು. ಅವನು ಹೇಳಿದ ಸಾಮಾನು ನಾನು ಕೀಳುವುದು, ಬೇರೆಯದು ಹಾಕುವುದು, ಅವನು ಮೇಜಿಗೆ ಹೊಟ್ಟೆ ಒತ್ತಿ ಬೋರ್ಡಿನ ಮೇಲೆ ಬಗ್ಗಿ ನೋಡುವುದು. ಹೀಗೇ ಮೂರು ದಿನ ಉರುಳಿ, ಕೊನೆಗೂ ತಗ್ಗು ಗುರುತಿನ ಮೇಲೆ ಕೂತಿತು.

"ನೋಡ್ಕೊಳೋ ಏಳನೇ ಕ್ಲಾಸು, ಇದಕ್ಕೆ ಓದಿರ್ಬೇಕು," ಎಂದು ಅವನು ಚಹಾ ಲೋಟಕ್ಕಾಗಿ ಹಿಂದಕ್ಕೆ ವಾಲಿದ. ತಗ್ಗು ಬಲಕ್ಕೆ ಓಡಿಹೋಯಿತು. ಮತ್ತೆ ಮುಂದೆ ಬಗ್ಗಿದ. ಸಾಧುವಾಗಿ ವಾಪಸು ಬಂತು.

"ಭಾವ, ನೀವು ಹಿಂದೆ ಸರಿದ್ರೆ ಅದು ಓಡತ್ತೆ. ಬೋರ್ಡು ನಿಮ್ಮ ಹೊಟ್ಟೆ ನೋಡ್ಕೊಂಡು ಕೂತಿದೆ."

ಅವನ ಮುಖ ಕೆಂಡವಾಯಿತು. "ನನ್ನ ಹೊಟ್ಟೆ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ. ಇದೇ ಸಾಮಾನು ನಲವತ್ತು ಬೋರ್ಡಿಗೂ ಹಾಕು. ಒಂದು ಕೈಕೊಟ್ರೂ ನಿನ್ನ ಬೆಸುಗೇದೇ ತಪ್ಪು. ನಿನ್ನ ಮೇಜು ಬೀದೀಲಿರತ್ತೆ!"

ಇನ್ನೊಂದು ಸಲ ಹೇಳಬಹುದಿತ್ತು. ಅಕ್ಕನಿಗೂ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ನಲವತ್ತಕ್ಕೂ ಮುತ್ತಿನಂಥ ಬೆಸುಗೆ ಹಾಕಿದೆ. ಒಳಗೆ ನೀರು ಹೋಗದಿರಲೆಂದು ಅವನೇ ನಿಂತು ಎಲ್ಲ ಪೆಟ್ಟಿಗೆಗೂ ಕಪ್ಪು ಅಂಟು ಸುರಿಸಿದ. ಅದು ಒಣಗಿದರೆ ಕಲ್ಲು. ಬಿಚ್ಚುವ ಮಾತೇ ಇಲ್ಲ.

ಗೋಡೌನಿನ ಯಜಮಾನರ ಮುಂದೆ ಪರೀಕ್ಷೆ, ಅಕ್ಕನೂ ಬಂದಿದ್ದಳು. ಪೆಟ್ಟಿಗೆ ಬಾಗಿಲಿಗೆ, ಗಂಟೆ ಇನ್ನೂರು ಹೆಜ್ಜೆ ಆಚೆಯ ಆಫೀಸಿಗೆ. ಭಾವ ಪೆಟ್ಟಿಗೆಗೆ ಒತ್ತಿಕೊಂಡೇ ನಿಂತು ಬಾಗಿಲು ತೆರೆದ. ಹೊಡೆಯಿತು ನೋಡಿ ಗಂಟೆ! ಆಫೀಸಿನ ಗಾಜು ಅದುರಿತು, ಬೀದಿನಾಯಿಗಳು ಸಾಲಾಗಿ ಎದ್ದು ನಿಂತವು, ಎದುರು ಮಹಡಿಯ ಹಲ್ಲಿನ ಡಾಕ್ಟರು ಬೆಚ್ಚಿ ಪಕ್ಕದ ಹಲ್ಲು ಕಿತ್ತರು.

"ನೀವು ಈ ಕಡೆ ಬನ್ನಿ, ನಾನೇ ತೆಗೀತೀನಿ," ಎಂದರು ಯಜಮಾನರು. ಅವರೋ ಛತ್ರಿ ಕಡ್ಡಿ. ತೆರೆದರು. ಸದ್ದಿಲ್ಲ. ಮುಚ್ಚಿ ತೆರೆದರು. ಸದ್ದಿಲ್ಲ. ಹತ್ತು ಪೆಟ್ಟಿಗೆ ಬದಲಿಸಿದರೂ ಹತ್ತೂ ಮೂಕ.

"ಬೆಸುಗೆ! ಇವನ ಬೆಸುಗೆ!" ಭಾವ ಬಂದು ನನ್ನ ಕಾಲರ್ ಹಿಡಿದು, ಅಕ್ಕನ ಕಡೆ ತಿರುಗಿದ. "ಇವನನ್ನ ಹೊರಗೆ ಹಾಕು ಅಂತ ಎಷ್ಟು ಸಲ ಹೇಳ್ಲಿ?"

"ಬಿಡಬೇಡಿ ಭಾವ, ಹಾಗೇ ಹಿಡ್ಕೊಂಡಿರಿ," ಎಂದು ನಾನು ಹಿಂದೆ ಹಿಂದೆ ನಡೆದು, ಅವನನ್ನು ಕಾಲರ್ ಸಮೇತ ಪೆಟ್ಟಿಗೆಯ ಪಕ್ಕಕ್ಕೆ ಎಳೆದು ತಂದೆ. "ಈಗ ತೆಗೀರಿ ಯಜಮಾನ್ರೇ."

ಗಂಟೆ ಹೊಡೆಯಿತು. ನಾಯಿಗಳು ಮತ್ತೆ ಎದ್ದವು.

"ಆಂಟೆನಾ ಇವರ ಹೊಟ್ಟೆಗೆ ಹೊಂದ್ಕೊಂಡಿದೆ. ಅವತ್ತೇ ಹೇಳಿದ್ದೆ!" ಎಂದು ಕುಣಿದೆ.

ಅಕ್ಕ ನಗಲಿಲ್ಲ. ಗಂಡನಿಗೆ, "ಒಂದ್ಸಲ ದೂರ ನಿಂತು ನೋಡಕ್ಕೆ ನಿಮಗೇನಾಗಿತ್ತು ರೋಗ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವತ್ತೇ ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ನಲವತ್ತಕ್ಕೂ ಹಾಕ್ದ್ಯಾ?"

ತೆಗೆದ ಬೀಗ ಮತ್ತೆ ಹಾಕಲು ತಡವಾಗಿತ್ತು.

"ಒಬ್ಬರಿಗೊಬ್ಬರು ಗುಂಡಿ ತೋಡಿ ನನ್ನ ಕೆಡವಿದ್ರಿ. ಸೋಮವಾರ ಯಜಮಾನ್ರು ನಲವತ್ತನ್ನೂ ನೋಡ್ತಾರೆ. ಒಂದು ಹೊಡೀದಿದ್ರೂ ನಿನ್ನ ಮೇಜು ಬೀದಿಗೆ. ಇದು ಅವರ ಮಾತಲ್ಲ, ನಂದು."

ಭಾವ ಆವತ್ತೇ ಮುನಿಸಿಕೊಂಡು ಅವನ ಅಣ್ಣನ ಮನೆ ಸೇರಿದ. ‘ಬಂದು ಬಾಗಿಲ ಹತ್ರ ನಿಂತ್ಕೊಳಿ’ ಎಂದು ಫೋನ್ ಮಾಡಿದರೆ, ನನ್ನ ಜನ್ಮ ಜಾಲಾಡಿ ಫೋನಿಟ್ಟ. ಅವನ ಬದಲು ನೀರಿನ ಕ್ಯಾನು ಇಟ್ಟು ನೋಡಿದೆ, ಹಿಟ್ಟಿನ ಮೂಟೆ ಇಟ್ಟು ನೋಡಿದೆ. ಗಂಟೆ ಕೆಮ್ಮಿತೇ ಹೊರತು ಹೊಡೆಯಲಿಲ್ಲ.

ನಾಳೆ ಸೋಮವಾರ. ನೀವು ಈ ಚಹಾದಂಗಡಿ ಒಳಗೆ ಬಂದಾಗಿನಿಂದ ನೋಡುತ್ತಿದ್ದೇನೆ. ತಪ್ಪು ತಿಳಿಯಬೇಡಿ, ನಿಮ್ಮದೂ ಹೆಚ್ಚುಕಡಿಮೆ ಅದೇ ಅಳತೆ. ಗೋಡೌನು ಇಲ್ಲೇ ಹತ್ತಿರ, ನಲವತ್ತು ಬಾಗಿಲು ಅಷ್ಟೇ. ಬೆಳಿಗ್ಗೆ ಹತ್ತಕ್ಕೆ ಬಂದುಬಿಡಿ. ಹೊಟ್ಟೆತುಂಬ ತಿಂದು ಬನ್ನಿ. ಒಂದೇ ಮಾತು, ಬಾಗಿಲ ಹತ್ತಿರ ನಿಂತಾಗ ನಾಚಿಕೊಂಡು ಹೊಟ್ಟೆ ಒಳಗೆಳೆದುಕೊಳ್ಳಬೇಡಿ.