ನಮ್ಮ ಮುತ್ತಜ್ಜನೇ ಕೊಂದದ್ದು

ಚಿತ್ರಗಾರ್ತಿ ಮೂರು ವರ್ಷ ಕಣ್ಣು ಸವೆಸಿ, ನೂರು ವರ್ಷದ ಹಿಂದಿನ ಕೊಲೆಯೊಂದನ್ನು ಚಿತ್ರಕಾದಂಬರಿ ಮಾಡಿದಳು. ಬಾಡಿಗೆ ಕೋಣೆಯಲ್ಲಿದ್ದ ದರ್ಜಿ ಹೆಂಗಸಿಗೆ ಯಾರೋ ಕೆಮ್ಮಿನ ಔಷಧಿಯಲ್ಲಿ ವಿಷ ಬೆರೆಸಿದ್ದರು. ಔಷಧಿ ಅಂಗಡಿಯವನ ಮೇಲೂ ಕೋಣೆಯ ಮಾಲೀಕನ ಮೇಲೂ ಅನುಮಾನಪಟ್ಟ ಕೋರ್ಟು ಕೊನೆಗೆ ಇಬ್ಬರನ್ನೂ ಬಿಟ್ಟುಬಿಟ್ಟಿತ್ತು. ಹಳೇ ಕಡತಗಳನ್ನೆಲ್ಲ ಜಾಲಾಡಿದ ಚಿತ್ರಗಾರ್ತಿ ಮಾತ್ರ ಔಷಧಿಯವನನ್ನು ಬಿಡಲಿಲ್ಲ.

ಪುಸ್ತಕ ಬಂದ ವಾರಕ್ಕೇ ಔಷಧಿಯವನ ಮರಿಮಗ ಕೆಂಡಾಮಂಡಲವಾಗಿ ಅವಳ ಮನೆಗೆ ಬಂದ. ಅಂಗಡಿ ಈಗ ಅವನದೇ.

"ನಮ್ಮ ಮುತ್ತಜ್ಜ ಇರುವೆಯನ್ನೂ ತುಳಿದವರಲ್ಲ. ಮೂಗು ಬೇರೆ ಹದ್ದಿನ ಕೊಕ್ಕಿನ ಹಾಗೆ ಬರೆದಿದ್ದೀರಿ! ಕೋರ್ಟಿಗೆ ಎಳೀತೀನಿ."

ಅದೇ ಮೂಗು ಅವನ ಮುಖದ ಮೇಲೂ ಠೀವಿಯಿಂದ ಕೂತಿತ್ತು.

ಅಷ್ಟರಲ್ಲಿ ಪುಸ್ತಕ ಮನೆಮಾತಾಯಿತು. ಓದುಗರು ಅಂಗಡಿ ಹುಡುಕಿಕೊಂಡು ಬಂದು ಫೋಟೊ ತೆಗೆಸಿಕೊಂಡರು. ಬಂದವರು ಬರಿಗೈಲಿ ಹೋಗಬಾರದೆಂದು ಕೆಮ್ಮಿನ ಔಷಧಿಯನ್ನೇ ಕೊಂಡರು. ಮರಿಮಗ ಕೋರ್ಟಿನ ಮಾತು ನುಂಗಿಕೊಂಡು ಬಾಗಿಲಿಗೆ 'ಇತಿಹಾಸಪ್ರಸಿದ್ಧ' ಎಂದು ಬೋರ್ಡು ತೂಗುಹಾಕಿದ.

ಇದನ್ನು ನೋಡಿ ಕೋಣೆಯ ಮಾಲೀಕನ ಮರಿಮಗಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಕೊಲೆ ನಡೆದ ಕಟ್ಟಡದಲ್ಲೇ ಲಾಡ್ಜು ನಡೆಸುತ್ತಿದ್ದ ಅವಳು ಚಿತ್ರಗಾರ್ತಿಯ ಮುಂದೆ ಒಂದು ಕಂದು ಕಾಗದ ಹರಡಿದಳು.

"ಕೊಲೆ ಮಾಡಿದ್ದು ನಮ್ಮ ಮುತ್ತಜ್ಜ. ಆ ಪೊಟ್ಟಣ ಕಟ್ಟೋನಿಗೆ ಅಷ್ಟು ಗುಂಡಿಗೆ ಎಲ್ಲಿತ್ತು? ನೋಡಿ, ಸ್ವಂತ ಕೈಯಲ್ಲೇ ತಪ್ಪೊಪ್ಪಿಕೊಂಡಿದ್ದಾರೆ."

ಕಾಗದದಿಂದ ಟೀ ವಾಸನೆ ಬರುತ್ತಿತ್ತು.

"ಅಮ್ಮಾ, ಇದು ಬಾಲ್‌ಪೆನ್ನಿನ ಬರಹ. ಆಗ ಅದು ಎಲ್ಲಿತ್ತು?"

"ನಮ್ಮ ಮುತ್ತಜ್ಜ ಯಾವಾಗಲೂ ಕಾಲಕ್ಕಿಂತ ಒಂದು ಹೆಜ್ಜೆ ಮುಂದೆ!"

ಚಿತ್ರಗಾರ್ತಿ ನಗು ತಡೆದುಕೊಂಡಳು. "ಹೋಗಲಿ, ಸತ್ತವಳ ಹೆಸರಾದರೂ ಗೊತ್ತಾ?"

"ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ? ನಾನು ಚಿತ್ರ ಮಾತ್ರ ನೋಡಿದೆ."

ಆಗ ಚಿತ್ರಗಾರ್ತಿಯ ನಗು ಅಲ್ಲೇ ಇಂಗಿಹೋಯಿತು.

ಪ್ರಕಾಶಕ ಫೋನಿನಲ್ಲಿ ಉಪಾಯ ಹೇಳಿದ. "ಎರಡನೇ ಮುದ್ರಣದಲ್ಲಿ ಇಬ್ಬರೂ ಸೇರಿ ಕೊಂದರು ಅಂತ ಮಾಡಿಬಿಡಿ. ಎರಡು ಮನೆಯವರಿಗೂ ಸಮಾಧಾನ."

ಅವಳು ಸುತಾರಾಂ ಒಪ್ಪಲಿಲ್ಲ. ಬದಲಿಗೆ ನಾಲ್ಕು ಹೊಸ ಪುಟ ಬರೆದು ಕಳಿಸಿದಳು. ದರ್ಜಿ ಹೆಂಗಸು ಕಿಟಕಿ ಪಕ್ಕ ಕೂತಿದ್ದಾಳೆ, ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ, ಯಾರದೋ ಕೋಟಿನ ಅಳತೆ ನೋಡಿ ಮೂತಿ ತಿರುಗಿಸುತ್ತಾಳೆ.

"ಇದರಲ್ಲಿ ಏನೂ ನಡೆಯೋದೇ ಇಲ್ಲವಲ್ಲ!" ಅಂದ ಪ್ರಕಾಶಕ.

"ಹೌದು. ಅವಳು ಬದುಕಿದ್ದಾಳೆ, ಅಷ್ಟೇ."

ಅವನು ಗೊಣಗುತ್ತಲೇ ಅಚ್ಚಿಗೆ ಕಳಿಸಿದ. ಲಾಡ್ಜಿನವಳು ಕಾಗದ ಮಡಚಿಕೊಂಡು ಬೇರೆ ಚಿತ್ರಗಾರನನ್ನು ಹುಡುಕಲು ಹೊರಟಳು.