ನಾಲ್ಕು ವಾರ ಟಾಪು ಮಡಚಬಾರದು

ಅಮ್ಮ ಹೊಲಿದ ಟಾಪನ್ನು ಅಪ್ಪ ಕಾರಿಗೆ ಬಿಗಿದದ್ದು ಒಂದು ಭಾನುವಾರ ಮಧ್ಯಾಹ್ನ. ಕೊನೆಯ ತಿರುಪು ಕೂರಿಸಿ, ಕೈಯೊರೆಸಿಕೊಳ್ಳುತ್ತಾ ಅಮ್ಮನಿಗೂ ನನಗೂ ಕಟ್ಟಪ್ಪಣೆ ಮಾಡಿದರು: "ನಾಲ್ಕು ವಾರ ಇದನ್ನ ಯಾರೂ ಬಿಚ್ಚೋ ಹಾಗಿಲ್ಲ."

ತೆರೆದ ಕಾರಿನ ಮಡಚುವ ಚಾವಣಿ ಅದು. ಹೊಸ ಬಟ್ಟೆಯ ಟಾಪು ಅಂದರೆ ಹಾಗೆಯೇ. ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು, ಮುಂದಿನ ಗಾಜಿನ ಮೇಲಿರುವ ಎರಡು ಕೊಂಡಿಗಳಿಗೆ ಸಿಕ್ಕಿಸಿ ಬಿಟ್ಟುಬಿಡಬೇಕು. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ನಿಧಾನವಾಗಿ ಅದು ತನ್ನ ಅಳತೆಗೆ ಕೂರುತ್ತದೆ. ಅದಕ್ಕೆ ಮೊದಲೇ ಮಡಚಿದರೆ ಮುದುಡಿಕೊಳ್ಳುತ್ತದೆ. ಮತ್ತೆ ಎಷ್ಟು ಎಳೆದರೂ ಕೊಂಡಿಯನ್ನು ಮುಟ್ಟುವುದಿಲ್ಲ. ಇದು ಅಪ್ಪನಿಗಿಂತ ಅಮ್ಮನಿಗೇ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷ ಗಾಡಿಗಳ ಸೀಟಿಗೂ ಟಾಪಿಗೂ ಬಟ್ಟೆ ಹೊಲಿದವಳು ಅವಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಬ್ಬರ ಪರಿಚಯವಾದದ್ದೂ ಹರಿದ ಬಸ್ ಸೀಟಿನ ದೆಸೆಯಿಂದ.

ಮದುವೆಯ ಹೊಸತರಲ್ಲಿ ಯಾರದೋ ತೆರೆದ ಕಾರು ಅಪ್ಪನ ಕೈಗೆ ರಿಪೇರಿಗೆ ಬಂದಿತ್ತಂತೆ. ಓಡಿಸಿ ನೋಡುವ ನೆಪದಲ್ಲಿ ಅಮ್ಮನನ್ನೂ ಕೂರಿಸಿಕೊಂಡು, ಊರಾಚೆ ನದಿಯ ದಾರಿಯಲ್ಲಿ ಹೋಗಿದ್ದರಂತೆ. ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದಾಳೋ. "ಮರಗಳನ್ನ ಎಲ್ಲರೂ ಪಕ್ಕದಿಂದ ನೋಡ್ತಾರೆ. ನಾನು ಅವತ್ತು ಕೆಳಗಿಂದ ನೋಡ್ದೆ. ಕತ್ತು ನೋಯೋವರೆಗೂ ನೋಡ್ದೆ."

ಹೋದ ವರ್ಷ ಅಮ್ಮ ಕಾಯಿಲೆ ಬಿದ್ದ ಮೇಲೆ ಅಪ್ಪ ಗುಜರಿಯಿಂದ ಅಂಥದೇ ಕಾರೊಂದನ್ನು ಎಳೆಸಿಕೊಂಡು ಬಂದರು. ನನಗಿಂತ ಹದಿನೈದು ವರ್ಷ ದೊಡ್ಡದು. ಶನಿವಾರ, ಭಾನುವಾರ ಅವಳನ್ನು ಸುತ್ತಾಡಿಸಬೇಕು, ಅಷ್ಟೇ ಅವರ ಆಸೆ. ಆದರೆ ಅಪ್ಪನಿಗೆ 'ಅಷ್ಟೇ' ಎನ್ನುವುದು ಗೊತ್ತಿಲ್ಲ. ಹಳೆಯ ಬ್ರೇಕು ಸಾಲದೆಂದು ಮುಂದಿನ ಚಕ್ರಗಳಿಗೆ ಬೇರೆ ಕಾರಿನ ಡಿಸ್ಕ್ ಬ್ರೇಕು ಹಾಕಿದರು. ದಾರಿಯಲ್ಲಿ ಇಂಜಿನ್ನು ಕಾದು ನಿಂತರೆ ಅಮ್ಮ ಬಿಸಿಲಲ್ಲಿ ಕೂರಬೇಕಾಗುತ್ತದೆಂದು ರೇಡಿಯೇಟರಿಗೆ ಕರೆಂಟಿನ ಫ್ಯಾನು. ಕುಲುಕಿದರೆ ಅವಳ ಬೆನ್ನು ನೋಯುತ್ತದೆಂದು ಮೆತ್ತನೆಯ ಶಾಕ್ ಅಬ್ಸಾರ್ಬರು. ಮೊದಲು ಬೆಲ್ಟೇ ಇಲ್ಲದ ಸೀಟಿಗೆ ಬೆಲ್ಟು, ಅದು ಅವಳ ಹೊಟ್ಟೆಯ ಆಪರೇಷನ್ನಿನ ಗಾಯಕ್ಕೆ ಒತ್ತದಂತೆ ಅದರ ಮೇಲೊಂದು ದಿಂಬು.

ಪಕ್ಕದ ಬೀದಿಯ ಡೆಂಟಿಂಗ್ ಮಾವ ತಗಡಿನ ಕೆಲಸಕ್ಕೆ ಬರುತ್ತಿದ್ದರು. "ಎಲ್ಲಾ ಹೊಸದು ಹಾಕ್ಬಿಟ್ಯಲ್ಲೋ," ಎಂದರು ಒಂದು ದಿನ. "ಈ ಕಾರಲ್ಲಿ ಹಳೇದು ಅಂತ ಉಳಿದಿರೋದು ಡ್ರೈವರ್ ಒಬ್ಬನೇ." ಆಮೇಲೆ ನನ್ನತ್ತ ತಿರುಗಿ, "ಏನಮ್ಮಾ ಪದವೀಧರೆ, ಇವತ್ತಿನ ಮಾತೆಲ್ಲ ಮುಗೀತಾ, ಇನ್ನೂ ಒಂದೆರಡು ಉಳಿದಿದೆಯಾ?"

ನಾನು ನಕ್ಕೆ. ನನ್ನ ಮಾತು ಡೈರಿಯಲ್ಲಿ ಖರ್ಚಾಗುತ್ತದೆ. ಬಾಯಿಗೆ ಬರುವ ಹೊತ್ತಿಗೆ ಮಿಗುವುದು ಕಡಿಮೆ.

ಟಾಪು ಬಿಗಿದ ಮೂರನೆಯ ದಿನ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಾನೇ. ಡಾಕ್ಟರು ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಔಷಧಿ ಬೇಡ, ನೋವಿಗೆ ಮಾತ್ರ ಕೊಡುತ್ತೇನೆ ಎಂದರು. ಅಮ್ಮ, "ಎಷ್ಟು ದಿನ?" ಎಂದಳು, ರವಿಕೆ ಯಾವತ್ತು ಸಿಗುತ್ತದೆಂದು ಕೇಳುವ ಗಿರಾಕಿಯ ಹಾಗೆ. "ಮೂರು ವಾರ ಇರಬಹುದು," ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತು ಅಮ್ಮ ನನ್ನ ಕೈಹಿಡಿದುಕೊಂಡಳು. "ನಿಮ್ಮಪ್ಪಂಗೆ ಹೇಳ್ಬೇಡ."

"ಅಮ್ಮ, ಟಾಪು..."

"ಟಾಪು ಕೂತ್ಕೊಳ್ಳಲಿ ಬಿಡು. ಕೆಲಸ ಮಾಡ್ತಾ ಶಿಳ್ಳೆ ಹಾಕ್ತಿರ್ತಾರೆ. ಗೊತ್ತಾದ್ರೆ ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡ್ತಾ ಕೂರ್ತಾರೆ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

ಗುಟ್ಟನ್ನು ನನಗಿಂತ ಭದ್ರವಾಗಿ ಇಟ್ಟುಕೊಳ್ಳುವವರು ಯಾರಿದ್ದಾರೆ. ಅಮ್ಮನಿಗೂ ಅದು ಗೊತ್ತಿತ್ತು. ಟಾಪಿಗೆ ಇನ್ನೂ ಇಪ್ಪತ್ತೈದು ದಿನ ಬೇಕು, ಅಮ್ಮನಿಗಿರುವುದು ಇಪ್ಪತ್ತೊಂದು, ನಾಲ್ಕು ದಿನ ಸಾಲದೆ ಬರುತ್ತದೆ ಎಂದು ಡೈರಿಯಲ್ಲಿ ಬರೆದು ಮುಚ್ಚಿಟ್ಟೆ.

ಅಪ್ಪ ದಿನವೂ ಡಿಪೋದಿಂದ ಬಂದವರೇ ಷೆಡ್ಡಿಗೆ ಹೋಗಿ ಟಾಪಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಮೊದಲು ಡಬಡಬ ಎನ್ನುತ್ತಿದ್ದದ್ದು ಬರಬರುತ್ತಾ ಮೆತ್ತಗಾಗುತ್ತಿತ್ತು. "ಕೂರ್ತಾ ಇದೆ," ಎಂದು ಅಡುಗೆಮನೆಯ ಕಿಟಕಿಯತ್ತ ಕೂಗಿ ಹೇಳುತ್ತಿದ್ದರು. ಶಿಳ್ಳೆ ಶುರುವಾಗುತ್ತಿತ್ತು. ಯಾವ ಹಾಡೂ ಅಲ್ಲ ಅದು, ಬಿಟ್ಟುಬಿಟ್ಟು ಬರುವ ನಾಲ್ಕೇ ಸ್ವರ. ಅಮ್ಮ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಕುರ್ಚಿಯಿಂದ ಹಾಸಿಗೆಗೆ ನಡೆಯಲು ಮೊದಲು ನನ್ನ ಒಂದು ಕೈ ಸಾಕಿತ್ತು. ಎರಡನೆಯ ವಾರಕ್ಕೆ ಎರಡೂ ಬೇಕಾದವು.

ಒಂದು ಮಧ್ಯಾಹ್ನ ಕಾರಲ್ಲಿ ಕೂರಬೇಕೆಂದಳು. ಕೂರಿಸಿದೆ. ತಲೆ ಹಿಂದಕ್ಕೆ ಒರಗಿಸಿ, ತಾನೇ ಹೊಲಿದ ಬಟ್ಟೆಯ ಒಳಮೈಯನ್ನು ಬಹಳ ಹೊತ್ತು ನೋಡಿದಳು. "ಹೊಲಿಗೆ ನೇರ ಬಂದಿದೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆ ಮರಗಳು ಈಗ ಇವೆಯೋ, ಕಡಿದು ಹಾಕಿದಾರೋ," ಎಂದಳು. ಬಿಚ್ಚು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಶನಿವಾರ ಅಪ್ಪ ಕಾರಿಗೊಂದು ಕನ್ನಡಿ ತರಲು ಹೋಗಿದ್ದರು. ಅಮ್ಮ ಒಳಗೆ ಮಲಗಿದ್ದಳು. ಬೆಳಿಗ್ಗೆಯಿಂದ ಅಪ್ಪನಿಗೆ ಹೇಳಬೇಕಾದ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಥರ ಜೋಡಿಸಿದ್ದೆ. ಚಹಾ ಕೊಡುವಾಗ ಬಾಯಿ ತೆರೆದವಳು, "ಸಕ್ಕರೆ ಸಾಕಾ?" ಎಂದು ಕೇಳಿ ಬಂದಿದ್ದೆ. ಷೆಡ್ಡಿಗೆ ಹೋದೆ. ಎರಡು ಕೊಂಡಿಗಳನ್ನು ಬಿಡಿಸಿದೆ. ಚೌಕಟ್ಟನ್ನು ಎತ್ತಿ, ಅಪ್ಪ ತೋರಿಸಿಕೊಟ್ಟಿದ್ದ ಹಾಗೆಯೇ ಹಿಂದಕ್ಕೆ ಮಡಚಿದೆ. ಬಟ್ಟೆ ಒಂದು ಉಸಿರು ಬಿಟ್ಟಂತೆ ಸದ್ದು ಮಾಡಿ ಕುಸಿಯಿತು.

ಅಪ್ಪ ಬಂದವರು ಬಾಗಿಲಲ್ಲೇ ನಿಂತರು. "ಯಾರು ಬಿಚ್ಚಿದ್ದು?"

"ನಾನು."

"ನಾಲ್ಕು ವಾರ ಅಂತ ಹೇಳಿರ್ಲಿಲ್ವಾ? ಬರೀ ಹದಿಮೂರು ದಿನ ಆಗಿರೋದು. ನಿಮ್ಮಮ್ಮ ಬೆನ್ನು ಮುರ್ಕೊಂಡು ಹೊಲಿದಿದ್ದು ಇದು."

"ನಾಲ್ಕು ವಾರ ಇಲ್ಲ ಅಪ್ಪ."

ಅಪ್ಪ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತರು. "ಎಷ್ಟಿದೆ?"

"ಡಾಕ್ಟ್ರು ಮೂರು ಅಂದ್ರು. ಅದು ಹೇಳಿದ ಮೇಲೆ ಹತ್ತು ದಿನ ಆಯ್ತು."

ಕನ್ನಡಿ ಇನ್ನೂ ಕಾಗದದ ಸುತ್ತಿನಲ್ಲೇ ಅವರ ಮಡಿಲಲ್ಲಿತ್ತು. ಅದನ್ನು ಬೆಂಚಿನ ಮೇಲಿಟ್ಟು, ಹೋಗಿ ಕೈ ತೊಳೆದರು. ಉಗುರಿನ ಸಂದಿಯ ಗ್ರೀಸು ಹೋಗುವವರೆಗೂ ತೊಳೆದರು. ಒಳಗೆ ಹೋಗಿ ಅಮ್ಮನನ್ನು ಎತ್ತಿಕೊಂಡು ಬಂದರು.

ಅಮ್ಮನಿಗೆ ಮೊದಲು ಕಂಡದ್ದು ಮಡಚಿದ ಟಾಪು. ಆಮೇಲೆ ನನ್ನನ್ನು ನೋಡಿದಳು.

ನದಿಯ ದಾರಿಯಲ್ಲಿ ಹೋದೆವು. ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ನಾನು ಮೊಣಕಾಲು ಮಡಚಿ ಅಡ್ಡಲಾಗಿ ಕೂತಿದ್ದೆ. ಮರಗಳು ಇದ್ದವು. ಕೊಂಬೆಗಳು ದಾರಿಯ ಮೇಲೆ ಒಂದನ್ನೊಂದು ಮುಟ್ಟುತ್ತಿದ್ದವು. ಎಲೆಯ ನೆರಳು ಅಮ್ಮನ ಮುಖದ ಮೇಲೆ ಓಡುತ್ತಿತ್ತು. ಹಳ್ಳದಿಣ್ಣೆಗಳಲ್ಲೂ ಕಾರು ಕುಲುಕಲಿಲ್ಲ. ಅಪ್ಪನ ಎಲ್ಲ ಕೆಲಸವೂ ಸರಿಯಾಗಿತ್ತು.

ಸುಮಾರು ದೂರ ಹೋದ ಮೇಲೆ ಅಮ್ಮ, "ಶಿಳ್ಳೆ ಯಾಕೆ ನಿಂತೋಯ್ತು?" ಎಂದಳು.

ಅಪ್ಪ ತುಟಿ ಮುಂದೆ ಮಾಡಿದರು. ಸದ್ದು ಬರಲಿಲ್ಲ. "ಗಾಳಿ," ಎಂದರು.

ಅಮ್ಮ ಕತ್ತು ತಿರುಗಿಸಿ ನನ್ನತ್ತ ನೋಡಿದಳು. ಸಿಟ್ಟು ಅಂತ ಹೇಳಲಾರೆ. ಮುಗಿಯದ ಹೊಲಿಗೆಯನ್ನು ಯಾರೋ ಮಿಷಿನ್ನಿನಿಂದ ಎಳೆದುಕೊಂಡಾಗ ನೋಡುತ್ತಿದ್ದಳಲ್ಲ, ಹಾಗೆ. "ಇನ್ನೊಂದಷ್ಟು ದಿನ ಆ ಶಿಳ್ಳೆ ಕೇಳ್ಕೊಂಡಿರೋಣ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. ನನಗೆ ಹೇಳಿದಳೋ, ಅಪ್ಪನಿಗೋ. ಮತ್ತೆ ತಲೆ ಒರಗಿಸಿ ಮರಗಳನ್ನು ನೋಡತೊಡಗಿದಳು.

ಮನೆಗೆ ಬಂದು ಟಾಪು ಎಳೆದಾಗ ಅದು ಕೊಂಡಿಗೆ ಎರಡು ಬೆರಳು ಸಾಲದೆ ಬಂತು. ಅಮ್ಮ ಕೂತಲ್ಲಿಂದಲೇ ಆ ಸಂದಿಯಲ್ಲಿ ಬೆರಳಿಟ್ಟು ಅಳೆದಳು. "ನಾನು ಸರಿಯಾಗೇ ಕತ್ತರಿಸಿದ್ದೆ," ಎಂದಳು. "ಹೌದು, ನೀನು ಸರಿಯಾಗೇ ಕತ್ತರಿಸಿದ್ದೆ," ಎಂದರು ಅಪ್ಪ.

ಇನ್ನೂ ಎರಡು ಸಲ ಹೋದೆವು. ಅಪ್ಪ ರಜೆ ಹಾಕಿದ್ದರು. ಸ್ಪ್ಯಾನರ್ ಮುಟ್ಟಲಿಲ್ಲ, ಅಮ್ಮ ಹೇಳಿದ ಹಾಗೆಯೇ ಅವಳ ಮುಖ ನೋಡುತ್ತಾ ಕೂತಿರುತ್ತಿದ್ದರು. ಕೊನೆಯ ಸಲ, ಮರಗಳ ಕೆಳಗೆ, ಅಮ್ಮ ಕೈಯನ್ನು ಸೀಟಿನ ಸಂದಿಯಿಂದ ಹಿಂದಕ್ಕೆ ಚಾಚಿ ನನ್ನ ಕಾಲ ಬೆರಳನ್ನು ಹಿಡಿದಳು.

"ಬರ್ಕೊಂಡ್ಯಾ?"

"ಏನನ್ನ?"

"ಇದನ್ನೆಲ್ಲ."

"ಇನ್ನೂ ಇಲ್ಲ ಅಮ್ಮ."

ಮನೆ ಬರುವವರೆಗೂ ಬೆರಳು ಬಿಡಲಿಲ್ಲ. ಅದಾದ ಐದನೆಯ ದಿನ ಬೆಳಿಗ್ಗೆ ಅಮ್ಮ ಹೋದಳು. ಟಾಪಿನ ನಾಲ್ಕು ವಾರಕ್ಕೆ ಇನ್ನೂ ಆರು ದಿನ ಬಾಕಿಯಿತ್ತು.

ಡೆಂಟಿಂಗ್ ಮಾವ ಒಂದು ದಿನ ಬಂದು, ಮುಂದಿನ ಅಂಚಿಗೆ ಒಂದು ಪಟ್ಟಿ ಸೇರಿಸಿ ಹೊಲಿಸಿದರೆ ಆಯಿತಲ್ಲ ಎಂದರು. "ಅದಕ್ಕೆ ಬೇರೆಯವರ ಹೊಲಿಗೆ ಬೇಡ," ಎಂದರು ಅಪ್ಪ. ಮಾವ ಆಮೇಲೆ ಆ ಮಾತೆತ್ತಲಿಲ್ಲ. ನನ್ನನ್ನೂ ಕೆಣಕಲಿಲ್ಲ. ಅಪ್ಪ ಭಾನುವಾರಗಳಲ್ಲಿ ಟಾಪು ಮಡಚಿಕೊಂಡೇ ನದಿಯ ದಾರಿಯಲ್ಲಿ ಹೋಗಿ ಬರುತ್ತಿದ್ದರು. ನಾನೂ ಹೋಗುತ್ತಿದ್ದೆ, ಹಿಂದಿನ ಸೀಟಿನಲ್ಲೇ. ಮುಂದೆ ಬಾ ಎಂದು ಅವರು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಷೆಡ್ಡಿನಲ್ಲಿ ನಿಲ್ಲಿಸುವಾಗ ಟಾಪನ್ನು ಎಷ್ಟು ಬಂದರೆ ಅಷ್ಟು ಎಳೆದಿಡುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಕಾರನ್ನು ತೊಳೆದು ಅಂಗಳದ ಬಿಸಿಲಿನಲ್ಲಿ ಬಿಟ್ಟಿದ್ದೆವು. ಒಳಗೆ ತೆಗೆದುಕೊಳ್ಳುವ ಮೊದಲು ಅಪ್ಪ ಅಭ್ಯಾಸಬಲದಿಂದ ಟಾಪು ಎಳೆದರು. ಕಾದ ಬಟ್ಟೆ ಸರಾಗವಾಗಿ ಬಂತು. ಟಕ್ ಎಂದು ಒಂದು ಕೊಂಡಿ ಕೂತಿತು. ನನ್ನ ಬದಿಯದನ್ನು ನಾನು ಒತ್ತಿದೆ, ಅದೂ ಕೂತಿತು. ಕಾರಿನೊಳಗೆ ಒಮ್ಮೆಲೇ ನೆರಳಾಯಿತು. ಮೇಲೆ ಅಮ್ಮನ ನೇರ ಹೊಲಿಗೆ, ಗಾಜಿನಿಂದ ಗಾಜಿಗೆ.

ಅಪ್ಪ ಆ ಹೊಲಿಗೆಯ ಮೇಲೆ ಒಂದು ಬೆರಳಾಡಿಸಿದರು. ಆಮೇಲೆ, "ಹೀಗಿದ್ರೆ ಮರ ಕಾಣಲ್ಲ," ಎಂದು ತಮ್ಮ ಕಡೆಯ ಕೊಂಡಿಯನ್ನು ಬಿಡಿಸಿ, ನನ್ನ ಕಡೆಯದನ್ನು ಬಿಡಿಸುವಂತೆ ಕಣ್ಣಲ್ಲೇ ಹೇಳಿದರು.