ನಡೆಯುವ ಆಸ್ಪತ್ರೆ

ಬೆಳಗಿನ ಹತ್ತು ಗಂಟೆಗೇ ಆಂಬುಲೆನ್ಸ್ ಡ್ರೈವರನಿಗೆ ಸಾಕುಸಾಕಾಗಿತ್ತು. ರಜೆ ಹಾಕಿದವನೊಬ್ಬನ ಪಾಳಿಯೂ ಇವನ ತಲೆಗೇ ಕಟ್ಟಿದ್ದರು. ಸೊಂಟ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು. ಇನ್ನು ಮೇಷ್ಟ್ರ ಮನೆ. ವಾರಕ್ಕೆ ಮೂರು ಸಲ ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು, ಸಂಜೆ ವಾಪಸು ತಂದುಬಿಡುವುದು ಇವನ ಕೆಲಸ.

ಮೇಷ್ಟ್ರು ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಕಿಡ್ನಿ ಕೈಕೊಟ್ಟಿದ್ದರೂ ನಾಲಗೆ ಕೈಕೊಟ್ಟಿರಲಿಲ್ಲ. ಮೊದಲ ದಿನವೇ ಗಾಡಿಯ ಮುಂದೆ ನಿಂತು, ಮುಂದಿನ ವಾಹನದವರು ಕನ್ನಡಿಯಲ್ಲಿ ಓದಿಕೊಳ್ಳಲೆಂದು ತಿರುಗುಮುರುಗಾಗಿ ಬರೆದಿದ್ದ ಅಕ್ಷರಗಳ ಮೇಲೆ ಊರುಗೋಲು ಆಡಿಸಿ, "ಆಂಬುಲೆನ್ಸ್ ಅಂದ್ರೇನಪ್ಪಾ?" ಎಂದು ಕೇಳಿದ್ದರು.

"ದಾರಿ ಬಿಡಿ ಅಂತ ಅಲ್ವಾ ಮೇಷ್ಟ್ರೇ?" ಹದಿನೆಂಟು ವರ್ಷ ಅದನ್ನೇ ಓಡಿಸಿದವನ ನಂಬಿಕೆ ಅದು.

ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ದರು. "ಮೂಲದಲ್ಲಿ ನಡೆಯೋದು ಅಂತ ಕಣೋ. ಲ್ಯಾಟಿನ್ ಮಾತು. ಹಿಂದೆಲ್ಲಾ ಸೈನ್ಯ ಹೋದ ಕಡೆ ಆಸ್ಪತ್ರೆನೂ ಹೋಗ್ತಿತ್ತು. ಫ್ರೆಂಚರು ಅದನ್ನ ನಡೆಯೋ ಆಸ್ಪತ್ರೆ ಅಂದ್ರು. ಬರ್ತಾ ಬರ್ತಾ ಆಸ್ಪತ್ರೆ ಅನ್ನೋದು ಉದುರಿಹೋಯ್ತು, ನಡೆಯೋದು ಮಾತ್ರ ಗಾಡಿಗೆ ಅಂಟ್ಕೊಂಡ್ತು. ಅಂಥಾ ಗಾಡಿಗೆ ಮಲಗಿಕೊಂಡು ಹತ್ತೋದಾ? ನಾನು ನಡೆದೇ ಹತ್ತೋನು."

ಈ ಹಟದ ಹಿಂದೆ ಬೇರೆ ಸಂಗತಿಯೂ ಇತ್ತು. ರೋಗಿ ನಡೆದು ಬಂದರೋ, ಸ್ಟ್ರೆಚರ್ ಬೇಕಾಯಿತೋ ಎಂದು ಡ್ರೈವರ್ ಪ್ರತಿ ಸಲವೂ ಹಾಳೆಯಲ್ಲಿ ಬರೆಯಬೇಕು. ಸ್ಟ್ರೆಚರ್ ಎಂದು ಬರೆದ ದಿನವೇ ಆಸ್ಪತ್ರೆಯವರು ರೋಗಿಯನ್ನು ಮನೆಗೆ ಕಳಿಸದೆ ಹಿಂಬದಿಯ ವಾರ್ಡಿನಲ್ಲಿ ಉಳಿಸಿಕೊಳ್ಳುತ್ತಾರೆ. ಆ ವಾರ್ಡಿಗೆ ಹೋದವರು ಮತ್ತೆ ತಮ್ಮ ಮನೆಯ ಹೊಸಿಲು ತುಳಿದದ್ದು ಕಡಿಮೆ. ಇದು ಮೇಷ್ಟ್ರಿಗೂ ಗೊತ್ತು, ಡ್ರೈವರನಿಗೂ ಗೊತ್ತು.

ಮನೆಯ ಮೆಟ್ಟಿಲಿನಿಂದ ರಸ್ತೆಗೆ ಹತ್ತೊಂಬತ್ತು ಹೆಜ್ಜೆ. ಮೂರು ತಿಂಗಳ ಹಿಂದೆ ಮೇಷ್ಟ್ರು ಹನ್ನೊಂದನೆಯದಕ್ಕೆ ಕುಸಿದಾಗ, ನಮಗೇಕೆ ಊರ ಉಸಾಬರಿ ಎಂದು ಇವನು ಸುಮ್ಮನಿರಬಹುದಿತ್ತು. ಇರಲಿಲ್ಲ. ಮುಂದಿನ ಸಲ ಗಾಡಿಯನ್ನು ಗೇಟಿನೊಳಕ್ಕೆ ಹಿಮ್ಮುಖವಾಗಿ ತಂದ. ಹತ್ತೊಂಬತ್ತು ಒಂಬತ್ತಾಯಿತು, ಒಂಬತ್ತು ನಾಲ್ಕಾಯಿತು. ಈಗ ಗಾಡಿಯ ಹಿಂಬಾಗಿಲು ಮೆಟ್ಟಿಲಿಗೆ ತಾಗುವುದೊಂದು ಬಾಕಿ. "ನಡೆದು ಬಂದರು" ಎಂದು ಬರೆಯುವಾಗ ಅವನ ಕೈ ಅಳುಕುತ್ತಿರಲಿಲ್ಲ. ದಿನವಿಡೀ ನರಳಾಟ ಕೇಳುವವನಿಗೆ ಅದೊಂದೇ ಪುಣ್ಯದ ಕೆಲಸ ಎನಿಸಿತ್ತು.

ಈ ದಿನ ಅವನು ಬಂದಾಗ ಮೇಷ್ಟ್ರು ಕುರ್ಚಿಯಲ್ಲಿ ಕೂತು ಶರ್ಟಿನ ಗುಂಡಿಗಳೊಂದಿಗೆ ಗುದ್ದಾಡುತ್ತಿದ್ದರು. ಅವರ ಹೆಂಡತಿ ನೀರು ಕೊಡುವ ನೆಪದಲ್ಲಿ ಇವನನ್ನು ಅಡುಗೆಮನೆಗೆ ಕರೆದರು. ಲೋಟ ಎಡಗೈಯಲ್ಲಿತ್ತು. ಬಟ್ಟೆ ಸುತ್ತಿದ್ದ ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು.

"ಅವರು ನಡೀತಾರೆ ಅಂತ ಯಾಕೆ ಬರೀತೀಯಪ್ಪಾ?"

ಹೊಗಳಿಕೆಗೆ ಪೀಠಿಕೆ ಎಂದುಕೊಂಡು ಡ್ರೈವರ್ ಹಲ್ಲು ಬಿಟ್ಟ. "ಇರ್ಲಿ ಬಿಡಿ ಅಮ್ಮಾ, ಅದರಲ್ಲೇನಿದೆ!"

"ಹಾಸಿಗೆಯಿಂದ ಎಬ್ಬಿಸೋಳು ನಾನು. ಬಚ್ಚಲಿಗೆ ಕರ್ಕೊಂಡು ಹೋಗೋಳು ನಾನು. ನಿನ್ನೆ ಇಬ್ರೂ ಬಿದ್ವಿ. ಏಳೋಕಾಗದೆ ಒಂದು ಗಂಟೆ ನೆಲದ ಮೇಲೇ ಇದ್ವಿ. ನನಗೂ ಎಪ್ಪತ್ತಾರಾಯ್ತು." ಅವರು ದನಿ ತಗ್ಗಿಸಿದರು. "ನನ್ನ ಕೈಲಿ ಇನ್ನಾಗಲ್ಲ ಕಣಪ್ಪಾ. ಅವರ ಮುಂದೆ ಹೇಳೋಕೆ ಬಾಯಿ ಬರಲ್ಲ. ಸ್ಟ್ರೆಚರ್ ಅಂತ ಬರಿ."

ರೋಗಿಗಳನ್ನು ಹೊರುವುದೇ ಇವನ ಕಸುಬು. ಆದರೂ ಈ ಮನೆಯಲ್ಲಿ ಹೊರುತ್ತಿದ್ದವರು ಯಾರು ಎಂದು ಮೂರು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಮೆಟ್ಟಿಲಿನಿಂದ ಆಚೆಯ ಹೆಜ್ಜೆಗಳನ್ನಷ್ಟೇ ಎಣಿಸಿ ಬೀಗಿದ ಪೆದ್ದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೇಷ್ಟ್ರು ಅವನ ಹೆಗಲಿಗೆ ಜೋತು ಬಿದ್ದು ಎರಡು ಹೆಜ್ಜೆ ಎಳೆದರು. ಮಿಕ್ಕ ದೂರ ಅವನೇ ಅವರನ್ನು ಎತ್ತಿಕೊಂಡು ಹೋಗಿ ಒಳಗೆ ಕೂರಿಸಿದ. ಹಾಳೆ ತೆಗೆದು "ಸ್ಟ್ರೆಚರ್" ಎಂದು ಬರೆದ. ಎಂದಿನಂತೆ ಮೇಷ್ಟ್ರು ಕಾಗುಣಿತ ನೋಡಲು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ.

ಅವರು ಓದಿದರು. ಇನ್ನೊಮ್ಮೆ ಓದಿದರು.

"ಅವಳು ಹೇಳಿದ್ಲಾ?"

"ಛೆ, ಇಲ್ಲ ಮೇಷ್ಟ್ರೇ. ಗಾಡಿ ಒಳಗೆ ತರೋದನ್ನ ಯಾರೋ ನೋಡಿ ಮೇಲಿನವರಿಗೆ ಚಾಡಿ ಹೇಳಿದಾರೆ. ಇನ್ಮೇಲೆ ಸುಳ್ಳು ಬರೆದ್ರೆ ನನ್ನ ಕೆಲಸ ಹೋಗುತ್ತೆ."

ಮೆಟ್ಟಿಲ ಮೇಲೆ ಹೆಂಡತಿ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಎಡಗೈ ಬೀಸುತ್ತಿದ್ದರು. ಮೇಷ್ಟ್ರು ಬಹಳ ಹೊತ್ತು ಅವರನ್ನೇ ನೋಡಿದರು. ತಾವೂ ಕೈ ಎತ್ತಿದರು.

"ಸುಳ್ಳು ಚೆನ್ನಾಗಿದೆ," ಎಂದರು ಹಾಳೆ ಹಿಂತಿರುಗಿಸುತ್ತಾ. "ಹೋಗು, ಅವಳಿಗೂ ಹೀಗೇ ಹೇಳು. ನಾನು ಪೂರ್ತಿ ನಂಬಿದೆ ಅಂತಾನೂ ಹೇಳು."

ಡ್ರೈವರ್ ಹಿಂಬಾಗಿಲು ಹಾಕಿ, ಮೆಟ್ಟಿಲ ಬಳಿ ಹೋಗಿ, ಹಾಗೆಯೇ ಹೇಳಿದ.